ಅಂಗಡಿಯ ಬಾಗಿಲು ಯಾರಿಗೆ ತೆರೆದಿರಬೇಕು?

ಕಳೆದ ಸಂಚಿಕೆಯಲ್ಲಿ ಅಳತೆ-ತೂಕದಲ್ಲಿ ನ್ಯಾಯದ ಕುರಿತಾದ ಜುಮಾ ಖುತ್ಬಾದ ಸಾರಾಂಶ ಪ್ರಕಟವಾಗಿತ್ತು. ಅದನ್ನು ಓದಿದ ಹಿರಿಯರೊಬ್ಬರು ಅಸರ್ ನಮಾಝಿನ ನಂತರ ಮಸೀದಿಯ ಅಂಗಳದಲ್ಲಿ ನನ್ನನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. ಅವರದು ಫ್ಲೆಕ್ಸ್ ಮತ್ತು ಮದುವೆ ಕಾಗದ ಮುದ್ರಿಸುವ ಸಣ್ಣ ಅಂಗಡಿ. ಹೊಸದಾಗಿ ತೆರೆಯಲಿದ್ದ ಬಾರೊಂದರ ಬ್ಯಾನರ್ ಮಾಡಿಕೊಡಿ ಎಂದು ಒಬ್ಬರು ಬಂದಿದ್ದರಂತೆ. "ಬೇರೆ ಏನು ಬೇಕಾದರೂ ಮಾಡಿಕೊಡುತ್ತೇನೆ, ಇದೊಂದು ಬೇಡ" ಎಂದು ಇವರು ಕಳುಹಿಸಿಕೊಟ್ಟರು.

ಅದೇ ವಾರ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅವರ ಮಗ ಫೋನ್ ಮಾಡಿದ. ಬಾಡಿಗೆಗೆ ಮನೆ ನೋಡಿದ್ದ. ಬಾಡಿಗೆ, ಅಡ್ವಾನ್ಸ್ ಎಲ್ಲ ಮಾತಾಗಿತ್ತು. ಕೊನೆಗೆ ಮಾಲೀಕರು ಪೂರ್ತಿ ಹೆಸರು ಕೇಳಿದರು. ಮರುದಿನ "ನಮ್ಮ ಸಂಬಂಧಿಕರೇ ಬರುತ್ತಾರಂತೆ" ಎಂಬ ಉತ್ತರ ಬಂತು. ಆ ಮನೆಯ ಗೇಟಿನಲ್ಲಿ ಟು-ಲೆಟ್ ಬೋರ್ಡು ಮಾತ್ರ ತಿಂಗಳ ನಂತರವೂ ನೇತಾಡುತ್ತಿತ್ತು.

ಹಿರಿಯರು ಮಗನಿಗಾದ ಅನ್ಯಾಯವನ್ನು ಹೇಳಿ ನೊಂದುಕೊಂಡಾಗ ಮಗನೇ ತಿರುಗಿ ಕೇಳಿದನಂತೆ: "ಅಬ್ಬಾ, ನಿಮ್ಮ ಅಂಗಡಿ ನಿಮ್ಮದು, ಬಾರ್‌ನವರಿಗೆ ಇಲ್ಲ ಅಂದಿರಿ. ಅವರ ಮನೆ ಅವರದು, ನನಗೆ ಇಲ್ಲ ಅಂದರು. ವ್ಯತ್ಯಾಸ ಏನು?" ಹಿರಿಯರಿಗೆ ಉತ್ತರ ಹೊಳೆಯಲಿಲ್ಲ. "ವ್ಯತ್ಯಾಸ ಇದೆ ಅಂತ ಮನಸ್ಸು ಹೇಳುತ್ತದೆ. ಆದರೆ ಬಾಯಿಯಲ್ಲಿ ಹೇಳಲು ಬರುವುದಿಲ್ಲ" ಎಂದರು.

ಈ ಪ್ರಶ್ನೆ ಅವರೊಬ್ಬರದಲ್ಲ. ನಮ್ಮಲ್ಲಿ ವ್ಯಾಪಾರಿಗಳು ಬಹಳ. ಗುಜರಿ, ಹಣ್ಣು, ಮೀನು, ಬಟ್ಟೆ, ಹೋಟೆಲ್, ಗ್ಯಾರೇಜ್, ಸೆಲೂನ್ ನಡೆಸುವವರಿದ್ದಾರೆ. ಗ್ರಾಹಕನನ್ನು 'ಇಲ್ಲ' ಎಂದು ಕಳುಹಿಸುವ ಹಕ್ಕು ವ್ಯಾಪಾರಿಗೆ ಇದೆಯೇ, ಇದ್ದರೆ ಎಲ್ಲಿಯವರೆಗೆ ಎಂಬುದನ್ನು ದೀನ್ ಮತ್ತು ನಮ್ಮ ದೇಶದ ಕಾನೂನು ಎರಡರ ಬೆಳಕಿನಲ್ಲೂ ತಿಳಿದುಕೊಳ್ಳುವುದು ಅಗತ್ಯ.

ವ್ಯಾಪಾರದ ತಳಹದಿ ಒಪ್ಪಿಗೆ

ಕುರ್‌ಆನಿನ 'ಅನ್ನಿಸಾ' ಅಧ್ಯಾಯದ 29ನೆಯ ವಚನವು ಒಬ್ಬರ ಸೊತ್ತನ್ನು ಇನ್ನೊಬ್ಬರು ಅನ್ಯಾಯವಾಗಿ ತಿನ್ನುವುದನ್ನು ನಿಷೇಧಿಸಿ, ಪರಸ್ಪರ ಒಪ್ಪಿಗೆಯಿಂದ ನಡೆಯುವ ವ್ಯಾಪಾರಕ್ಕೆ ಅನುಮತಿ ಕೊಡುತ್ತದೆ. ಒಪ್ಪಿಗೆ ಎಂದರೆ ಎರಡೂ ಕಡೆಯ ಒಪ್ಪಿಗೆ. ಆದ್ದರಿಂದ ಮಾರುವವನ ಕತ್ತಿಗೆ ಕೈ ಹಾಕಿ ಮಾರಿಸುವುದು ಸಾಮಾನ್ಯ ನಿಯಮವಲ್ಲ. ಸಾಲ ತೀರಿಸದವನಿಗೆ ಮತ್ತೆ ಸಾಲ ಕೊಡುವುದಿಲ್ಲ ಎನ್ನಬಹುದು. ಕುಡಿದು ಬಂದು ಗಲಾಟೆ ಮಾಡುವವನನ್ನು ಹೊರಗೆ ಕಳುಹಿಸಬಹುದು. ಬಾಗಿಲು ಹಾಕುವ ಹೊತ್ತಾಯಿತು ಎನ್ನಬಹುದು. ಕೆಲವೊಮ್ಮೆ ಕಾನೂನೇ 'ಕೊಡಬೇಡ' ಎನ್ನುತ್ತದೆ. 18 ವರ್ಷ ತುಂಬದವರಿಗೆ ಬೀಡಿ-ಸಿಗರೇಟು ಮಾರುವುದನ್ನು 2003ರ ತಂಬಾಕು ನಿಯಂತ್ರಣ ಕಾಯ್ದೆ ನಿಷೇಧಿಸಿದೆ. ವೈದ್ಯರ ಚೀಟಿ ಇಲ್ಲದೆ ಕೊಡಬಾರದ ಔಷಧಿಗಳಿವೆ. ಇವೆಲ್ಲ ನ್ಯಾಯವಾದ ನಿರಾಕರಣೆಗಳು. ಇಲ್ಲಿ ಕಾರಣ ಗ್ರಾಹಕನ ನಡತೆಯಲ್ಲಿದೆ ಅಥವಾ ವಸ್ತುವಿನಲ್ಲಿದೆ. ಅವನ ಹುಟ್ಟಿನಲ್ಲಿ ಇಲ್ಲ.

ಆದರೆ ಈ ಸ್ವಾತಂತ್ರ್ಯಕ್ಕೆ ಶರೀಅತ್ ಮೊದಲಿನಿಂದಲೂ ಗಡಿ ಹಾಕಿದೆ. ಬೆಲೆ ಏರಲೆಂದು ಧಾನ್ಯವನ್ನು ಕೂಡಿಟ್ಟು ಮಾರದೆ ಇರುವವನು ಪಾಪಿ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. 'ನನ್ನ ಗೋದಾಮು, ನನ್ನ ಅಕ್ಕಿ' ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ತನ್ನ ಅಗತ್ಯಕ್ಕೆ ಮಿಕ್ಕಿದ ನೀರನ್ನು ಇತರರಿಗೆ ತಡೆಹಿಡಿಯಬಾರದು ಎಂದೂ ಅವರು ಆಜ್ಞಾಪಿಸಿದ್ದಾರೆ. ಜನರಿಗೆ ಆಹಾರ ಅತ್ಯಗತ್ಯವಾಗಿರುವಾಗ ಅದನ್ನು ಹಿಡಿದಿಟ್ಟವನು ನ್ಯಾಯವಾದ ಬೆಲೆಗೆ ಮಾರುವಂತೆ ಅಧಿಕಾರಿಗಳು ಬಲವಂತಪಡಿಸಬಹುದು ಎಂದು ಇಮಾಮ್ ಇಬ್ನು ತೈಮಿಯ್ಯಾ(ರ) ಮಾರುಕಟ್ಟೆಯ ಉಸ್ತುವಾರಿಯ ಕುರಿತ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಜನರಿಗೆ ಅನಿವಾರ್ಯವಾದ ಕಸುಬುಗಳ ಬಗ್ಗೆಯೂ ಅವರು ಇದೇ ಮಾತನ್ನು ಹೇಳಿದ್ದಾರೆ. ಅಂದರೆ ಮೂಲದಲ್ಲಿ ಸ್ವಾತಂತ್ರ್ಯವಿದೆ. ಆದರೆ ಆ ಸ್ವಾತಂತ್ರ್ಯ ಇನ್ನೊಬ್ಬನ ಬದುಕನ್ನು ಕಟ್ಟಿಹಾಕುವ ಹಗ್ಗವಾಗಬಾರದು.

ಪ್ರವಾದಿಯವರ(ಸ) ಮಾರುಕಟ್ಟೆ

ಪ್ರವಾದಿ(ಸ) ಯಾರೊಡನೆ ವ್ಯವಹರಿಸಿದರು ಎಂಬುದನ್ನು ನೋಡೋಣ. ಅವರು ಈ ಲೋಕವನ್ನಗಲಿದಾಗ ಅವರ ಯುದ್ಧಕವಚ ಮದೀನಾದ ಯಹೂದಿಯೊಬ್ಬನ ಬಳಿ ಅಡವಿತ್ತು. ಮನೆಯವರಿಗಾಗಿ ತಂದ 30 ಸಾಅ್ ಜವೆಗೋಧಿಗೆ ಪ್ರತಿಯಾಗಿ ಅದನ್ನು ಅಡವಿಟ್ಟಿದ್ದರೆಂದು ಬುಖಾರಿಯ ಹದೀಸ್‌ನಲ್ಲಿದೆ. ಅಗತ್ಯ ಬಿದ್ದರೆ ಕೈಗಡ ಕೊಡಲು ಸಿದ್ಧರಿದ್ದ ಸಹಾಬಿಗಳು ಊರ ತುಂಬ ಇದ್ದರು. ಆದರೂ ಬೇರೆ ಧರ್ಮದ ವ್ಯಾಪಾರಿಯೊಡನೆ ಕೊಡುಕೊಳ್ಳುವಿಕೆ ಅವರ ಕೊನೆಯ ದಿನಗಳವರೆಗೂ ಸಹಜವಾಗಿ ನಡೆದಿತ್ತು. ಇನ್ನೊಮ್ಮೆ ಪ್ರಯಾಣದಲ್ಲಿದ್ದಾಗ ಬಹುದೇವಾರಾಧಕನೊಬ್ಬ ಕುರಿಗಳನ್ನು ಹೊಡೆದುಕೊಂಡು ಬಂದ. ಮಾರಾಟಕ್ಕೋ ಉಡುಗೊರೆಗೋ ಎಂದು ಪ್ರವಾದಿ(ಸ) ವಿಚಾರಿಸಿದರು. ಮಾರಾಟಕ್ಕೆ ಎಂದಾಗ ಒಂದು ಕುರಿಯನ್ನು ಕೊಂಡುಕೊಂಡರು.

ಇನ್ನು ನಿರಾಕರಣೆಯ ನೋವು ಏನೆಂಬುದು ಅವರಿಗೆ ಗೊತ್ತಿರಲಿಲ್ಲವೇ? ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಮಕ್ಕಾದಲ್ಲಿ ಕುರೈಶರು ಬನೂ ಹಾಶಿಮ್ ಮತ್ತು ಬನೂ ಮುತ್ತಲಿಬ್ ಮನೆತನಗಳ ವಿರುದ್ಧ ಒಂದು ಕರಾರು ಬರೆದು ಕಅಬಾದಲ್ಲಿ ತೂಗುಹಾಕಿದರು. ಇವರಿಗೆ ಹೆಣ್ಣು ಕೊಡಬಾರದು, ಇವರಿಂದ ತರಬಾರದು. ಇವರಿಗೆ ಏನನ್ನೂ ಮಾರಬಾರದು, ಇವರಿಂದ ಏನನ್ನೂ ಕೊಳ್ಳಬಾರದು. ಸುಮಾರು ಮೂರು ವರ್ಷ ಅಬೂತಾಲಿಬರ ಕಣಿವೆಯಲ್ಲಿ ಆ ಕುಟುಂಬಗಳು ಹಸಿವಿನಿಂದ ನರಳಿದವು. ಹಕೀಮ್ ಬಿನ್ ಹಿಝಾಮ್ ತಮ್ಮ ಸೋದರತ್ತೆ ಖದೀಜಾ(ರ)ರಿಗೆ ಗುಟ್ಟಾಗಿ ಗೋಧಿ ಒಯ್ಯುವಾಗ ಅಬೂಜಹಲ್ ದಾರಿಯಲ್ಲೇ ಅಡ್ಡಗಟ್ಟಿದ. ಒಂದು ಊರಿನ ವ್ಯಾಪಾರಿಗಳೆಲ್ಲ ಸೇರಿ 'ನಿಮಗೆ ಮಾರುವುದಿಲ್ಲ' ಎಂದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಆ ಕರಾರನ್ನು ಮುರಿಯಲು ಮುಂದಾದವರು ಯಾರು? ಹಿಶಾಮ್ ಬಿನ್ ಅಮ್ರ್, ಮುತ್‌ಇಮ್ ಬಿನ್ ಅದೀ ಮುಂತಾದ ಐವರು. ಅವರಾರೂ ಆಗ ಮುಸ್ಲಿಮರಾಗಿರಲಿಲ್ಲ. ನಾವು ಹೊಟ್ಟೆ ತುಂಬ ಉಣ್ಣುತ್ತಿರುವಾಗ ನಮ್ಮವರೇ ಹಸಿದಿರುವುದು ಸರಿಯಲ್ಲ ಎಂದು ಅವರ ಮನಸ್ಸಾಕ್ಷಿ ಚುಚ್ಚಿತು. ನಮ್ಮ ಪರವಾಗಿ ಮಾತನಾಡುವ ನೆರೆಯ ಹಿಂದೂ, ಕ್ರೈಸ್ತ ಸಹೋದರರನ್ನು ಕಂಡಾಗ ಈ ಐವರನ್ನು ನೆನೆಯಬೇಕು.

ಮುಂದೆ ಕಾಲ ಬದಲಾಯಿತು. ಯಮಾಮದ ನಾಯಕ ಸುಮಾಮ ಬಿನ್ ಉಸಾಲ್(ರ) ಇಸ್ಲಾಮ್ ಸ್ವೀಕರಿಸಿದರು. ಮಕ್ಕಾಕ್ಕೆ ಧಾನ್ಯ ಬರುತ್ತಿದ್ದುದು ಯಮಾಮದಿಂದಲೇ. ಪ್ರವಾದಿಯವರ(ಸ) ಅನುಮತಿ ಇಲ್ಲದೆ ಇನ್ನು ಒಂದು ಕಾಳು ಗೋಧಿಯೂ ನಿಮಗೆ ತಲಪದು ಎಂದು ಅವರು ಕುರೈಶರಿಗೆ ಹೇಳಿದರು. ಮಕ್ಕಾದವರು ಕಂಗಾಲಾದರು. ರಕ್ತಸಂಬಂಧದ ನೆನಪು ಮಾಡಿ ಪ್ರವಾದಿಯವರಿಗೆ(ಸ) ಪತ್ರ ಬರೆದರು. ಅವರು ಸುಮಾಮರಿಗೆ ಹೇಳಿ ಧಾನ್ಯ ಬಿಡಿಸಿದರೆಂದು ಸೀರಾ ಗ್ರಂಥಗಳು ವಿವರಿಸುತ್ತವೆ.

ಸ್ವಲ್ಪ ನಿಂತು ಆಲೋಚಿಸಿ. ಗೋಧಿ ಬೇಡಿ ಪತ್ರ ಬರೆದವರು ಹಿಂದೆ ಅದೇ ಗೋಧಿಯನ್ನು ತಡೆದವರು. ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ. ನಿರಾಕರಿಸುವ ಶಕ್ತಿ ನಮ್ಮ ಕೈಗೆ ಬಂದಾಗ ಹೇಗೆ ವರ್ತಿಸಬೇಕು ಎಂಬುದನ್ನು ಪ್ರವಾದಿ(ಸ) ಮಾಡಿ ತೋರಿಸಿದ್ದಾರೆ. ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬ ತಾತ್ಪರ್ಯದ 'ಅಲ್ ಮಾಇದ'ದ 8ನೆಯ ವಚನವನ್ನು ಅಂಗಡಿಯ ಕ್ಯಾಶ್ ಕೌಂಟರ್‌ನಲ್ಲಿ ಕುಳಿತವನೂ ಪಾಲಿಸಬೇಕು.

ನಮ್ಮ ಸಂವಿಧಾನ ಏನು ಹೇಳುತ್ತದೆ?

ಸಂವಿಧಾನದ ಮೂಲಭೂತ ಹಕ್ಕುಗಳಲ್ಲಿ ಹೆಚ್ಚಿನವು ಸರ್ಕಾರದ ವಿರುದ್ಧ ಪ್ರಜೆಗೆ ಸಿಗುವ ರಕ್ಷಣೆಗಳು. ಆದರೆ 15(2)ನೆಯ ವಿಧಿ ಹಾಗಲ್ಲ. ಅದು ನೇರವಾಗಿ ಅಂಗಡಿಯ ಬಾಗಿಲಿಗೇ ಬರುತ್ತದೆ. ಕೇವಲ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳದ ಕಾರಣಕ್ಕೆ ಯಾವ ಪ್ರಜೆಗೂ ಅಂಗಡಿ, ಹೋಟೆಲ್, ಸಾರ್ವಜನಿಕ ಉಪಾಹಾರ ಗೃಹ, ಮನರಂಜನಾ ಸ್ಥಳಗಳ ಪ್ರವೇಶಕ್ಕೆ ತಡೆ ಒಡ್ಡುವಂತಿಲ್ಲ. ಸರ್ಕಾರದ ಹಣದಿಂದ ನಡೆಯುವ ಅಥವಾ ಸಾರ್ವಜನಿಕರಿಗೆಂದು ಮೀಸಲಿಟ್ಟ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ವಿಷಯದಲ್ಲೂ ಇದೇ ನಿಯಮ.

ಇದನ್ನು ಬರೆದವರ ಕಣ್ಣಮುಂದೆ ಇದ್ದುದು ದಲಿತರ ಅನುಭವ. ಹೋಟೆಲಿನ ಹೊರಗೆ ನಿಂತು ಬೇರೆ ಲೋಟದಲ್ಲಿ ಚಹಾ ಕುಡಿಯಬೇಕಾದ, ಕ್ಷೌರದ ಅಂಗಡಿಯಲ್ಲಿ ಕುರ್ಚಿ ಸಿಗದ ಅನುಭವ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಈ ವಿಧಿಯ ಚರ್ಚೆ ನಡೆದಾಗ 'ಅಂಗಡಿ' ಎಂದರೆ ಏನೇನು ಎಂಬ ಪ್ರಶ್ನೆ ಬಂತು. ಡಾ. ಅಂಬೇಡ್ಕರ್ ಆ ಪದವನ್ನು ವಿಶಾಲ ಅರ್ಥದಲ್ಲಿ ಬಳಸಲಾಗಿದೆ ಎಂದು ವಿವರಿಸಿದರು. ಬಂದವರಿಗೆಲ್ಲ ಸೇವೆ ಕೊಡಲು ಯಾರು ಬಾಗಿಲು ತೆರೆದು ಕುಳಿತಿದ್ದಾರೋ ಅವರದೆಲ್ಲ ಅಂಗಡಿಯೇ ಎಂಬುದು ಅವರ ಮಾತಿನ ಸಾರ. ಅಸ್ಪೃಶ್ಯತೆಯನ್ನು ರದ್ದುಪಡಿಸುವ ವಿಧಿಯನ್ನು ಸಭೆ ಅಂಗೀಕರಿಸಿದ್ದೂ ಅದೇ ದಿನ. 2011ರಲ್ಲಿ ಸುಪ್ರೀಂ ಕೋರ್ಟ್ ಈ ವಿಶಾಲ ಅರ್ಥವನ್ನೇ ಹಿಡಿದು, ಖಾಸಗಿ ಶಿಕ್ಷಣ ಸಂಸ್ಥೆಗಳೂ ಈ ವಿಧಿಯ ವ್ಯಾಪ್ತಿಗೆ ಬರುತ್ತವೆ ಎಂದು ತೀರ್ಪಿತ್ತಿತು.

ಸಂವಿಧಾನದ ಮಾತಿಗೆ ಹಲ್ಲು ಕೊಟ್ಟದ್ದು 1955ರ ಕಾಯ್ದೆ. ಅದನ್ನು ಈಗ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎನ್ನುತ್ತೇವೆ. ಅಸ್ಪೃಶ್ಯತೆಯ ಕಾರಣಕ್ಕೆ ಸರಕು ಮಾರಲು ಅಥವಾ ಸೇವೆ ನೀಡಲು ನಿರಾಕರಿಸಿದರೆ ಒಂದು ತಿಂಗಳಿಂದ ಆರು ತಿಂಗಳವರೆಗೆ ಜೈಲು, ಜೊತೆಗೆ ದಂಡ. ನಿರಾಕರಿಸಿದವನ ಧರ್ಮ ಯಾವುದು ಎಂದು ಕಾನೂನು ನೋಡುವುದಿಲ್ಲ. ನಮ್ಮ ಸೆಲೂನಿನಲ್ಲಿ, ನಮ್ಮ ಹೋಟೆಲಿನಲ್ಲಿ ದಲಿತ ಸಹೋದರನಿಗೆ ಕುರ್ಚಿ ಕೊಡದಿದ್ದರೆ ನಾವೂ ಅಪರಾಧಿಗಳೇ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ ಪರಿಶಿಷ್ಟ ಜಾತಿ-ಪಂಗಡದವರ ಮೇಲಿನ ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರವನ್ನೂ ಅಪರಾಧವಾಗಿಸಿದೆ.

ಇಲ್ಲೊಂದು ಕೊರತೆಯನ್ನು ಹೇಳಲೇಬೇಕು. ಧರ್ಮದ ಕಾರಣಕ್ಕೆ ಅಂಗಡಿಯವನು ನಿರಾಕರಿಸಿದರೆ 15(2)ನೆಯ ವಿಧಿ ಅದನ್ನು ತಪ್ಪು ಎನ್ನುತ್ತದೆ. ಆದರೆ ಇಂತಿಷ್ಟು ಶಿಕ್ಷೆ ಎಂದು ಹೇಳುವ, 1955ರ ಕಾಯ್ದೆಯಂಥ ಪ್ರತ್ಯೇಕ ಕೇಂದ್ರ ಕಾಯ್ದೆ ಇಲ್ಲ. 2020ರ ಏಪ್ರಿಲ್‌ನಲ್ಲಿ, ಕೊರೋನಾ ಭೀತಿಯ ದಿನಗಳಲ್ಲಿ, ಮೀರತ್‌ನ ಖಾಸಗಿ ಆಸ್ಪತ್ರೆಯೊಂದು ಮುಸ್ಲಿಮ್ ರೋಗಿಗಳು ಸೋಂಕಿಲ್ಲ ಎಂಬ ವರದಿ ತಂದರಷ್ಟೇ ದಾಖಲು ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಪೊಲೀಸರು ಪ್ರಕರಣ ದಾಖಲಿಸಿದರು, ಆಸ್ಪತ್ರೆ ಕ್ಷಮೆ ಕೇಳಿತು. ಅಷ್ಟು ಬಹಿರಂಗವಾಗಿ ಅಚ್ಚುಹಾಕಿದ್ದರಿಂದ ಅದು ಸಿಕ್ಕಿಬಿತ್ತು. ಮೆಲ್ಲಗೆ ಬಾಯಿಮಾತಿನಲ್ಲಿ 'ಬೆಡ್ ಖಾಲಿ ಇಲ್ಲ' ಎಂದಿದ್ದರೆ ಏನು ಮಾಡಲು ಸಾಧ್ಯವಿತ್ತು?

ನಿರಾಕರಣೆಗೆ ಮೊದಲ ಮೆಟ್ಟಿಲು ಹೆಸರು ತಿಳಿದುಕೊಳ್ಳುವುದು. 2024ರ ಜುಲೈನಲ್ಲಿ ಉತ್ತರ ಪ್ರದೇಶ ಮತ್ತು ಉತ್ತರಾಖಂಡದಲ್ಲಿ ಕಾಂವಡ್ ಯಾತ್ರೆಯ ದಾರಿಯ ಹೋಟೆಲುಗಳು ಮಾಲೀಕರ ಹೆಸರನ್ನು ಬೋರ್ಡಿನಲ್ಲಿ ಹಾಕಬೇಕೆಂಬ ಆದೇಶ ಬಂದಾಗ ಸುಪ್ರೀಂ ಕೋರ್ಟ್ ಜುಲೈ 22ರಂದು ಮಧ್ಯಂತರ ತಡೆ ನೀಡಿತು. ಯಾವ ಆಹಾರ ಸಿಗುತ್ತದೆ ಎಂದು ಬರೆಯಲು ಹೇಳಬಹುದು, ಮಾಲೀಕ-ಕೆಲಸಗಾರರ ಹೆಸರು ಬರೆಯಲು ಬಲವಂತ ಮಾಡುವಂತಿಲ್ಲ ಎಂದಿತು. ತಿನ್ನುವವನಿಗೆ ತಟ್ಟೆಯಲ್ಲಿ ಏನಿದೆ ಎಂದು ತಿಳಿಯುವ ಹಕ್ಕಿದೆ. ಬಡಿಸಿದವನ ಹೆಸರು ಅದಕ್ಕೆ ಬೇಕಿಲ್ಲ.

ಮನೆ ಬಾಡಿಗೆಯ ಬಾಗಿಲು

ಹಿರಿಯರ ಮಗನ ವಿಷಯಕ್ಕೆ ಬರೋಣ. 15(2)ನೆಯ ವಿಧಿಯಲ್ಲಿ ಅಂಗಡಿಯಿದೆ, ಹೋಟೆಲಿದೆ. ಬಾಡಿಗೆ ಮನೆ ಎಂಬ ಮಾತಿಲ್ಲ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘವೊಂದರ ಪ್ರಕರಣದಲ್ಲಿ, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಸಂಘದ ನಿಯಮವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕೂಡಿ ಬದುಕುವ ಸಂಘ ಕಟ್ಟಿಕೊಳ್ಳುವ ಹಕ್ಕು ಅದಕ್ಕಿದೆ ಎಂಬುದು ಅಲ್ಲಿನ ವಾದ. ಸಣ್ಣ ಸಮುದಾಯಕ್ಕೆ ಅದು ಆಸರೆಯಾಗಿ ಕಂಡೀತು. ಆದರೆ ಊರಿನ ಬಹುಪಾಲು ಮನೆಗಳವರು ಅದೇ ನಿಯಮ ಇಟ್ಟುಕೊಂಡರೆ ಉಳಿದವರು ಎಲ್ಲಿಗೆ ಹೋಗಬೇಕು? ಮುಸ್ಲಿಮರಿಗೆ ಮನೆ ಬಾಡಿಗೆಗೆ ಸಿಗುವುದು, ಕೊಳ್ಳಲು ಸಿಗುವುದು ಕಷ್ಟವಾಗುತ್ತಿದೆ ಎಂಬ ದೂರನ್ನು 2006ರ ಸಾಚಾರ್ ಸಮಿತಿ ವರದಿ ದಾಖಲಿಸಿದೆ. ಇಂಥ ತಾರತಮ್ಯಗಳನ್ನು ವಿಚಾರಿಸಲು ಸಮಾನ ಅವಕಾಶ ಆಯೋಗ ಬೇಕು ಎಂದು ಅದೇ ವರದಿ ಶಿಫಾರಸು ಮಾಡಿತ್ತು.

ಒಂದು ಬಾಗಿಲು ಮುಚ್ಚಿದರೆ ಅದೊಂದು ಮನೆಯ ವಿಷಯ. ನೂರು ಬಾಗಿಲು ಮುಚ್ಚಿದಾಗ ಒಂದು ಮೊಹಲ್ಲಾ ಹುಟ್ಟುತ್ತದೆ. ಆಮೇಲೆ "ಇವರು ಯಾಕೆ ಒಂದೇ ಕಡೆ ಗುಂಪು ಕಟ್ಟಿಕೊಂಡು ಇರುತ್ತಾರೆ?" ಎಂಬ ಪ್ರಶ್ನೆಯನ್ನೂ ನಮಗೇ ಕೇಳುತ್ತಾರೆ.

'ನನ್ನ ಅಂಗಡಿ, ನನ್ನ ಇಷ್ಟ'

ಇನ್ನೊಂದು ವಾದವನ್ನೂ ನ್ಯಾಯವಾಗಿ ಕೇಳಬೇಕು. ಕೆಲವರು ಹೀಗೆನ್ನುತ್ತಾರೆ: ಗ್ರಾಹಕ ತನಗೆ ಬೇಕಾದ ಅಂಗಡಿಗೆ ಹೋಗುತ್ತಾನೆ, ಬೇಡದ ಅಂಗಡಿಗೆ ಹೋಗುವುದಿಲ್ಲ. ಅವನನ್ನು ಯಾರೂ ಕೇಳುವುದಿಲ್ಲ. ಹಾಗಿದ್ದರೆ ಅಂಗಡಿಯವನಿಗೂ ಅದೇ ಸ್ವಾತಂತ್ರ್ಯ ಏಕಿರಬಾರದು? ತಾರತಮ್ಯ ಮಾಡುವವನು ಗಿರಾಕಿ ಕಳೆದುಕೊಂಡು ತಾನೇ ನಷ್ಟ ಅನುಭವಿಸುತ್ತಾನೆ, ಪಕ್ಕದ ಅಂಗಡಿಯವನಿಗೆ ಲಾಭವಾಗುತ್ತದೆ, ಕಾನೂನು ಏಕೆ?

ಕೇಳಲು ಸರಿಯೆನಿಸುತ್ತದೆ. ಆದರೆ ಅನುಭವ ಹಾಗೆ ಹೇಳುವುದಿಲ್ಲ. ಅಮೆರಿಕದಲ್ಲಿ ಕರಿಯ ಜನರಿಗೆ ದಾರಿಯ ಹೋಟೆಲುಗಳಲ್ಲಿ ಊಟ, ವಸತಿ ಸಿಗುತ್ತಿರಲಿಲ್ಲ. ವಿಕ್ಟರ್ ಗ್ರೀನ್ ಎಂಬ ಅಂಚೆ ನೌಕರ 1936ರಿಂದ 'ಗ್ರೀನ್ ಬುಕ್' ಎಂಬ ಕೈಪಿಡಿಯನ್ನೇ ಪ್ರಕಟಿಸತೊಡಗಿದ. ಪ್ರಯಾಣದಲ್ಲಿ ಎಲ್ಲಿ ಊಟ ಸಿಗುತ್ತದೆ, ಎಲ್ಲಿ ರಾತ್ರಿ ಕಳೆಯಬಹುದು, ಎಲ್ಲಿ ಕ್ಷೌರ ಮಾಡಿಸಿಕೊಳ್ಳಬಹುದು ಎಂಬ ವಿಳಾಸಗಳ ಪುಸ್ತಕ ಅದು. ಸುಮಾರು ಮೂರು ದಶಕ ಆ ಪುಸ್ತಕಕ್ಕೆ ಬೇಡಿಕೆಯಿತ್ತು. ಅಂದರೆ ಅಷ್ಟು ವರ್ಷ ಮಾರುಕಟ್ಟೆ ತಾನಾಗಿ ಸರಿಹೋಗಲಿಲ್ಲ. ಎಲ್ಲರೂ ಒಟ್ಟಾಗಿ ನಿರಾಕರಿಸುವ ಕಡೆ ನಷ್ಟವಾಗುವುದು ನಿರಾಕರಿಸಿದವನಿಗಲ್ಲ, ಧೈರ್ಯ ಮಾಡಿ ಬಾಗಿಲು ತೆರೆದವನಿಗೆ. ಅವನ ಉಳಿದ ಗಿರಾಕಿಗಳನ್ನು ಹೆದರಿಸಿ ಓಡಿಸುತ್ತಾರೆ. ಕೊನೆಗೆ 1964ರ ನಾಗರಿಕ ಹಕ್ಕುಗಳ ಕಾಯ್ದೆ ಹೋಟೆಲು, ವಸತಿಗೃಹ, ಚಿತ್ರಮಂದಿರಗಳಲ್ಲಿ ಬಣ್ಣ, ಧರ್ಮದ ಕಾರಣಕ್ಕೆ ನಿರಾಕರಿಸುವುದನ್ನು ನಿಷೇಧಿಸಿತು. ಆಗಲೂ ದಕ್ಷಿಣ ಕೆರೊಲಿನಾದ ಉಪಾಹಾರ ಗೃಹದ ಮಾಲೀಕನೊಬ್ಬ ಕರಿಯರಿಗೆ ಬಡಿಸುವುದು ತನ್ನ ಧಾರ್ಮಿಕ ನಂಬಿಕೆಗೆ ವಿರುದ್ಧ ಎಂದು ವಾದಿಸಿದ. 1968ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ವಾದವನ್ನು ಹುರುಳಿಲ್ಲದ್ದೆಂದು ತಳ್ಳಿಹಾಕಿತು.

ನಮ್ಮ ಕರಾವಳಿಯಲ್ಲೂ 2022ರಲ್ಲಿ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಜಾಗವಿಲ್ಲ ಎಂಬ ಬ್ಯಾನರುಗಳು ಎದ್ದಾಗ ತಲೆಮಾರುಗಳಿಂದ ಬಳೆ, ಆಟಿಕೆ, ಹಣ್ಣು ಮಾರುತ್ತಿದ್ದವರು ಮನೆಯಲ್ಲಿ ಕೂರಬೇಕಾಯಿತು. ಆಗ ನಮ್ಮಲ್ಲೂ ಕೆಲವರು "ನಾವೂ ಅವರ ಅಂಗಡಿ ಹತ್ತುವುದು ಬೇಡ" ಎಂದರು. ಆ ನೋವು ಅರ್ಥವಾಗುತ್ತದೆ. ಆದರೆ ಸುಮಾಮ(ರ)ರ ಗೋಧಿಯ ಪ್ರಸಂಗ ಬಲ್ಲವರು ಆ ಮಾತನ್ನು ಒಪ್ಪಲಾರರು. ಬಹಿಷ್ಕಾರಕ್ಕೆ ಬಹಿಷ್ಕಾರ ಉತ್ತರವಾದರೆ ಕೊನೆಗೆ ಎರಡೂ ಕಡೆಯ ಬಡ ವ್ಯಾಪಾರಿಯೇ ಸಾಯುವುದು.

ಕೆಲಸಕ್ಕೆ 'ಇಲ್ಲ', ಮನುಷ್ಯನಿಗೆ 'ಇಲ್ಲ'

ಹಾಗಾದರೆ ಬಾರ್‌ನ ಬ್ಯಾನರ್ ಬೇಡ ಎಂದ ಹಿರಿಯರು ತಪ್ಪು ಮಾಡಿದರೇ? ಇಲ್ಲ. ಮಗನ ಪ್ರಶ್ನೆಗೆ ಉತ್ತರ ಇಲ್ಲಿದೆ.

ಹಿರಿಯರು ನಿರಾಕರಿಸಿದ್ದು ಒಂದು ಕೆಲಸವನ್ನು. ಅದೇ ಬ್ಯಾನರನ್ನು ಮುಸ್ಲಿಮ್ ಹೆಸರಿನವನೊಬ್ಬ ಬಂದು ಕೇಳಿದ್ದರೂ ಅವರು ಇಲ್ಲ ಎನ್ನುತ್ತಿದ್ದರು. ಆ ಬಾರ್ ಮಾಲೀಕ ನಾಳೆ ಮಗಳ ಮದುವೆ ಕಾಗದ ಮಾಡಿಸಲು ಬಂದರೆ ನಗುತ್ತಾ ಮಾಡಿಕೊಡುತ್ತಾರೆ. ಮನೆ ಮಾಲೀಕ ನಿರಾಕರಿಸಿದ್ದು ಮನುಷ್ಯನನ್ನು. ಮನೆ ಅದೇ, ಬಾಡಿಗೆ ಅದೇ. ಬೇರೆ ಹೆಸರಿನವನು ಬಂದಿದ್ದರೆ ಬೀಗದ ಕೈ ಸಿಗುತ್ತಿತ್ತು. ಎಲ್ಲ ನಿರಾಕರಣೆಗಳಿಗೂ ಈ ಒಂದು ಪರೀಕ್ಷೆ ಸಾಕು: ಬೇರೆ ಯಾರಾದರೂ ಬಂದು ಇದನ್ನೇ ಕೇಳಿದ್ದರೆ ನಾನು ಕೊಡುತ್ತಿದ್ದೆನೇ? ಕೊಡುತ್ತಿದ್ದೆ ಎಂದಾದರೆ ನಾನು ನಿರಾಕರಿಸಿದ್ದು ಮನುಷ್ಯನನ್ನು.

ಫಿಕ್‌ಹ್‌ನಲ್ಲೂ ಈ ವ್ಯತ್ಯಾಸ ಹಳೆಯದು. ಮದ್ಯ ತಯಾರಿಸುತ್ತಾನೆಂದು ಖಚಿತವಾಗಿ ಗೊತ್ತಿರುವವನಿಗೆ ದ್ರಾಕ್ಷಿ ಮಾರುವುದು ಸರಿಯಲ್ಲ ಎಂದು ಬಹುಪಾಲು ವಿದ್ವಾಂಸರು ಹೇಳಿದ್ದಾರೆ. ಇಮಾಮ್ ಅಬೂ ಹನೀಫಾ(ರ)ರ ಅಭಿಪ್ರಾಯ ಇದರಲ್ಲಿ ಭಿನ್ನ. ಆದರೆ ಯಾರ ಚರ್ಚೆಯೂ ಕೊಳ್ಳುವವನ ಕುಲದ ಬಗ್ಗೆ ಅಲ್ಲ, ದ್ರಾಕ್ಷಿ ಏನಾಗುತ್ತದೆ ಎಂಬುದರ ಬಗ್ಗೆ.

ಬೆಲ್‌ಫಾಸ್ಟ್‌ನ ಕ್ರೈಸ್ತ ದಂಪತಿಗಳ ಬೇಕರಿಯೊಂದು ಸಲಿಂಗ ವಿವಾಹವನ್ನು ಬೆಂಬಲಿಸುವ ಘೋಷಣೆಯನ್ನು ಕೇಕ್ ಮೇಲೆ ಬರೆಯಲು ಒಪ್ಪಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಬೇಕರಿಯ ಪರವಾಗಿ ತೀರ್ಪು ಕೊಟ್ಟಿತು. ಅವರ ಆಕ್ಷೇಪ ಬರಹದ ಮೇಲೆ, ಗ್ರಾಹಕನ ಮೇಲಲ್ಲ. ಯಾರು ಕೇಳಿದ್ದರೂ ಅವರು ಆ ಬರಹವನ್ನು ಬರೆಯುತ್ತಿರಲಿಲ್ಲ ಎಂಬುದೇ ತೀರ್ಪಿನ ತಿರುಳು. ಗ್ರಾಹಕನೇ ಸಲಿಂಗಿ ಎಂಬ ಕಾರಣಕ್ಕೆ ಕೇಕ್ ಕೊಡದಿದ್ದರೆ ಅದು ಕಾನೂನುಬಾಹಿರವೇ ಆಗುತ್ತಿತ್ತು.

ಆದರೆ ಈ ಗೆರೆಯನ್ನು ನಮ್ಮ ಅನುಕೂಲಕ್ಕೆ ಎಳೆದು ಉದ್ದ ಮಾಡಬಾರದು. ಅಮೆರಿಕದ ಮಿನಿಯಾಪೊಲಿಸ್ ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿ ಓಡಿಸುವವರಲ್ಲಿ ಸೊಮಾಲಿಯಾ ಮೂಲದ ಮುಸ್ಲಿಮರು ಬಹಳ. ಅವರಲ್ಲಿ ಕೆಲವರು ಮದ್ಯದ ಬಾಟಲಿ ಹಿಡಿದ ಪ್ರಯಾಣಿಕರನ್ನು ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಮದ್ಯವನ್ನು ಹೊತ್ತೊಯ್ಯುವವನನ್ನೂ ಶಪಿಸಲಾಗಿದೆ ಎಂಬ ಹದೀಸ್ ಅವರ ಆಧಾರ. ಅಲ್ಲಿನ ಮುಸ್ಲಿಮರಲ್ಲೇ ಈ ಬಗ್ಗೆ ಭಿನ್ನಾಭಿಪ್ರಾಯವಿತ್ತು. ಮದ್ಯದ ಲೋಡು ಸಾಗಿಸುವುದು ಬೇರೆ, ಮನುಷ್ಯನನ್ನು ಮನೆಗೆ ಮುಟ್ಟಿಸುವುದು ಬೇರೆ ಎಂದವರೂ ಇದ್ದರು. 2007ರಲ್ಲಿ ನಿಲ್ದಾಣದ ಆಡಳಿತ, ನಿರಾಕರಿಸುವ ಚಾಲಕರ ಪರವಾನಗಿಯನ್ನು ಅಮಾನತಿನಲ್ಲಿಡುವ ನಿಯಮ ತಂದಿತು. ಸರದಿಯಲ್ಲಿ ನಿಂತ ಟ್ಯಾಕ್ಸಿ ಬಂದವರಿಗೆಲ್ಲ ಸೇವೆ ಕೊಡುವ ಮಾತು ಕೊಟ್ಟು ಪರವಾನಗಿ ಪಡೆದಿದೆ ಎಂಬುದು ಅವರ ನಿಲುವು. ರಾತ್ರಿ ಹೊತ್ತು ಸಾಮಾನು ಹಿಡಿದು ರಸ್ತೆಯಲ್ಲಿ ನಿಂತ ಪ್ರಯಾಣಿಕನ ಜಾಗದಲ್ಲಿ ನಮ್ಮನ್ನು ನಿಲ್ಲಿಸಿಕೊಂಡು ನೋಡಿದರೆ ಆ ನಿಲುವು ಅರ್ಥವಾಗುತ್ತದೆ. ಆಸ್ಪತ್ರೆ, ಔಷಧಿ, ಆಹಾರ, ನೀರು, ವಾಹನ, ವಸತಿ - ಇವು ಇಲ್ಲದೆ ಮನುಷ್ಯ ಆ ಹೊತ್ತು ಕಳೆಯಲಾರ. ಅಗತ್ಯ ದೊಡ್ಡದಾದಷ್ಟೂ ನಮ್ಮ 'ಇಲ್ಲ' ಚಿಕ್ಕದಾಗಬೇಕು.

ವ್ಯಾಪಾರಿಗಳು ನೆನಪಿಡಬೇಕಾದದ್ದು

ಖತೀಬರೊಡನೆ ಚರ್ಚಿಸಿದ ಬಳಿಕ ಕೆಲವು ವಿಷಯಗಳನ್ನು ಸರಳವಾಗಿ ಹೀಗೆ ಹೇಳಬಹುದು.

ಒಂದು, ಹರಾಮ್ ಕೆಲಸ ಅಥವಾ ವಸ್ತು ನಮ್ಮ ಅಂಗಡಿಯಲ್ಲಿ ಯಾರಿಗೂ ಇಲ್ಲ ಎಂದಿರಲಿ. ಒಬ್ಬರಿಗೆ ಉಂಟು, ಒಬ್ಬರಿಗೆ ಇಲ್ಲ ಎಂದಾಗಬಾರದು.

ಎರಡು, ಇಲ್ಲ ಎನ್ನುವಾಗ ಮಾತು ಮೃದುವಾಗಿರಲಿ. ಮಾರುವಾಗ, ಕೊಳ್ಳುವಾಗ, ಬಾಕಿ ಕೇಳುವಾಗ ಸೌಮ್ಯವಾಗಿರುವವನಿಗೆ ಅಲ್ಲಾಹನ ಕರುಣೆಯಿರಲಿ ಎಂದು ಪ್ರವಾದಿ(ಸ) ಪ್ರಾರ್ಥಿಸಿದ್ದಾರೆ. ಕೆಲಸ ಬೇಡವೆಂದರೂ ಕುರ್ಚಿ ಕೊಡಬಹುದು, ನೀರು ಕೊಡಬಹುದು.

ಮೂರು, ಸುಳ್ಳು ನೆಪ ಹೇಳಬಾರದು. 'ಸಂಬಂಧಿಕರು ಬರುತ್ತಾರೆ', 'ಸ್ಟಾಕ್ ಇಲ್ಲ' ಎಂಬ ನೆಪಗಳು ನಿರಾಕರಣೆಯ ಪಾಪಕ್ಕೆ ಸುಳ್ಳಿನ ಪಾಪವನ್ನೂ ಸೇರಿಸುತ್ತವೆ. ಕಾರಣ ಹೇಳಲು ನಾಚಿಕೆಯಾಗುತ್ತದೆ ಎಂದಾದರೆ ಆ ಕಾರಣವೇ ತಪ್ಪು.

ನಾಲ್ಕು, ನಮ್ಮನ್ನು ಯಾರಾದರೂ ಹೀಗೆ ನಿರಾಕರಿಸಿದರೆ ಜಗಳಕ್ಕೆ ಇಳಿಯಬೇಡಿ. ದಿನಾಂಕ, ಸಮಯ, ಆಡಿದ ಮಾತು, ಜೊತೆಗಿದ್ದವರ ಹೆಸರು ಬರೆದಿಡಿ. ಸಂದೇಶಗಳಿದ್ದರೆ ಅಳಿಸಬೇಡಿ. ಆಸ್ಪತ್ರೆ, ಶಾಲೆ, ಹೋಟೆಲ್‌ನಂಥ ಕಡೆ ಆದರೆ ಲಿಖಿತ ದೂರು ಕೊಡಿ. ರಾಜ್ಯ ಅಲ್ಪಸಂಖ್ಯಾತರ ಆಯೋಗಕ್ಕೆ ಬರೆಯಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ದಲಿತ ನೆರೆಯವರಿಗೆ ಅನ್ಯಾಯವಾದರೆ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ ದೂರು ಕೊಡಲು ಅವರ ಜೊತೆ ನಾವೂ ಹೋಗಬೇಕು.

ನಮ್ಮ ಮಹಡಿ ಮನೆ

ಇಷ್ಟು ಹೇಳಿದ ಮೇಲೆ ಹಿರಿಯರು ಸಮಾಧಾನಪಟ್ಟರು. "ಮಗನಿಗೆ ಹೇಳುತ್ತೇನೆ" ಎಂದು ಚಪ್ಪಲಿ ಮೆಟ್ಟಿಕೊಂಡರು. ಗೇಟಿನವರೆಗೆ ಹೋದವರು ತಿರುಗಿ ಬಂದರು. ಅವರ ಮನೆಯ ಮಹಡಿ ಖಾಲಿ ಇದೆ. ಎರಡು ತಿಂಗಳ ಹಿಂದೆ ತಾಲೂಕು ಕಚೇರಿಯ ಗುಮಾಸ್ತರೊಬ್ಬರು ಬಾಡಿಗೆಗೆ ಕೇಳಿದ್ದರು. ದಲಿತ ಕುಟುಂಬ. ಇವರು "ರಿಪೇರಿ ಇದೆ" ಎಂದಿದ್ದರು. ರಿಪೇರಿ ಇರಲಿಲ್ಲ. "ನೆರೆಯವರು ಏನಾದರೂ ಅಂದುಕೊಂಡಾರು ಅಂತ ಹಾಗೆ ಹೇಳಿದೆ" ಎಂದರು. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಆ ಬೆಂಗಳೂರಿನ ಮಾಲೀಕರೂ ಬಹುಶಃ ಇದನ್ನೇ ಹೇಳುತ್ತಿದ್ದರು: ನನಗೇನಿಲ್ಲ, ನೆರೆಯವರು ಏನಾದರೂ ಅಂದುಕೊಂಡಾರು.

ನಮ್ಮ ಜಮಾಅತ್‌ನಲ್ಲಿ ಬಾಡಿಗೆ ಮನೆ, ಮಳಿಗೆ, ಮದುವೆ ಹಾಲ್ ಇರುವ ಪ್ರತಿಯೊಬ್ಬರೂ ಈ ಒಂದು ಪ್ರಶ್ನೆಯನ್ನು ತಮ್ಮನ್ನೇ ಕೇಳಿಕೊಳ್ಳಬೇಕು. ಕೊಳ್ಳುವಾಗ ಪೂರ್ತಿ ಅಳೆಸಿಕೊಂಡು, ಕೊಡುವಾಗ ಕಡಿಮೆ ಅಳೆಯುವವರಿಗೆ 'ಅಲ್ ಮುತಫ್ಫಿಫೀನ್' ಅಧ್ಯಾಯದ ಆರಂಭದಲ್ಲೇ ನಾಶದ ಎಚ್ಚರಿಕೆಯಿದೆ. ಅದು ಅಕ್ಕಿ-ಬೇಳೆಯ ತಕ್ಕಡಿಗೆ ಮಾತ್ರ ಸೀಮಿತವಲ್ಲ. ನಮಗೆ ಮನೆ ಬೇಕಾದಾಗ ಸಂವಿಧಾನದ ಸಮಾನತೆ, ನಾವು ಮನೆ ಕೊಡುವಾಗ ನೆರೆಯವರ ನೆಪ - ಇದೂ ಎರಡು ತೂಕದ ಕಲ್ಲುಗಳೇ.

ಮುಂದಿನ ಶುಕ್ರವಾರ ಹಿರಿಯರು ಸಿಕ್ಕಾಗ ಆ ಗುಮಾಸ್ತರು ಆಗಲೇ ಬೇರೆ ಕಡೆ ಮನೆ ಹಿಡಿದಿದ್ದಾರೆಂದು ತಿಳಿಸಿದರು. ಇವರು ಹೋಗಿ, ಅಂದು ಸುಳ್ಳು ಹೇಳಿದ್ದೆ, ಕ್ಷಮಿಸಿ ಎಂದು ಕೇಳಿಕೊಂಡ ಬಂದರಂತೆ. "ಚಹಾ ಕೊಟ್ಟರು" ಎಂದಷ್ಟೇ ಹೇಳಿದರು.

ನ್ಯಾಯವಾಗಿ ಅಳೆಯುವ, ನ್ಯಾಯವಾಗಿ ಕೊಡುವ, ಬಾಗಿಲಿಗೆ ಬಂದವರನ್ನು ಅವಮಾನಿಸದ ವ್ಯಾಪಾರಿಗಳ ಸಾಲಿನಲ್ಲಿ ಅಲ್ಲಾಹನು ನಮ್ಮೆಲ್ಲರನ್ನೂ ಸೇರಿಸಲಿ. ಆಮೀನ್.